ಪತ್ತೇದಾರನ ಗುಟ್ಟು



ಪತ್ತೇದಾರಿ ಕಾದಂಬರಿಯನ್ನು ಒಮ್ಮೆಯೂ ಕೈಗೆತ್ತಿಕೊಳ್ಳದ ವಿದ್ಯಾರ್ಥಿ ಇರಲಾರನೆಂದು ನಾನು ನಂಬಿದ್ದೇನೆ. ನಮ್ಮ ಕಾಲದಲ್ಲಿ ಎನ್. ನರಸಿಂಹಯ್ಯನವರ ಪುಸ್ತಕಗಳನ್ನು ಪಠ್ಯಪುಸ್ತಕದ ನಡುವೆ ಬಚ್ಚಿಟ್ಟುಕೊಂಡು ಓದಿ, ಮನೆಯಲ್ಲಿ ಬೈಸಿಕೊಂಡವರು ಬೇಕಾದಷ್ಟು ಮಂದಿ. ಆ ಪುಸ್ತಕಗಳಲ್ಲಿ ನಮ್ಮನ್ನು ಹಿಡಿದಿಡುತ್ತಿದ್ದುದಾದರೂ ಏನು? ಕೊಲೆ ಮಾಡಿದವರು ಯಾರೆಂಬ ಕುತೂಹಲ ಸರಿಯೇ. ಅದಕ್ಕಿಂತ ಹೆಚ್ಚಾಗಿ, ಎಲ್ಲರ ಬಳಿಯೂ ಒಂದೊಂದು ಗುಟ್ಟಿರುತ್ತದೆ, ಪತ್ತೇದಾರ ಅದನ್ನೆಲ್ಲ ಒಂದೊಂದಾಗಿ ಬಿಚ್ಚುತ್ತಾನೆ ಎಂಬ ಭರವಸೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಯಾರೆಂದು ಆತ ಮೂಲೆಯಲ್ಲಿ ನಿಂತು ಗಮನಿಸುತ್ತಿರುತ್ತಾನೆ.

ಈಗ ಒಂದು ಪ್ರಶ್ನೆ ಕೇಳುತ್ತೇನೆ. ಹಾಗೆ ಗಮನಿಸುತ್ತಾ ನಿಂತವನೇ ತನ್ನ ಹೆಗಲನ್ನು ಮುಟ್ಟಿಕೊಳ್ಳಬೇಕಾಗಿ ಬಂದರೆ? ಪತ್ತೇದಾರ ಪೊಲೀಸ್ ಇಲಾಖೆಯವನೇ ಆಗಿದ್ದು, ಅವನ ಸ್ವಂತ ಬದುಕೇ ಆ ಇಲಾಖೆಯ ಕಣ್ಣಿನಲ್ಲಿ ಅಪರಾಧವಾಗಿದ್ದರೆ? ಇಂಗ್ಲಿಷಿನ ಪತ್ತೇದಾರಿ ಸಾಹಿತ್ಯದಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, 1960ರ ದಶಕದಿಂದ ಈಚೆಗೆ ಬೆಳೆದ ಒಂದು ಕವಲು ಈ ಪ್ರಶ್ನೆಯ ಸುತ್ತಲೇ ಹುಟ್ಟಿದೆ. ಅದರ ನಾಯಕ ಸಲಿಂಗಪ್ರೇಮಿಯಾದ ಪೊಲೀಸ್ ಪತ್ತೇದಾರ. ಕೆಲವೆಡೆ ನಾಯಕಿ. ನಮ್ಮ ಪತ್ರಿಕೆಗಳು ಬಳಸುವ ಮಾತು 'ಸಲಿಂಗಕಾಮಿ' ಎಂದು. ಆ ಮಾತಿನಲ್ಲಿ ಕಾಮವೊಂದೇ ಕಾಣುತ್ತದೆ. ಈ ಪುಸ್ತಕಗಳಲ್ಲಿ ಬರುವ ದುಃಖ, ಸಂಸಾರ, ಕಾಯಿಲೆ ಕಸಾಲೆ ಯಾವುದೂ ಅದರೊಳಗೆ ಹಿಡಿಸುವುದಿಲ್ಲ. ಆದ್ದರಿಂದ ನಾನು ಇನ್ನೊಂದು ಮಾತನ್ನು ಆರಿಸಿಕೊಂಡಿದ್ದೇನೆ.

ಮೊದಲು ಒಂದು ಊಟದ ಸಂಗತಿ ಹೇಳುತ್ತೇನೆ. 1889ರ ಆಗಸ್ಟ್ ತಿಂಗಳಿನಲ್ಲಿ ಲಂಡನ್ನಿನ ಲ್ಯಾಂಗಮ್ ಹೋಟೆಲಿನಲ್ಲಿ ಒಬ್ಬ ಅಮೆರಿಕನ್ ಪತ್ರಿಕಾ ಸಂಪಾದಕರು ಇಬ್ಬರು ಲೇಖಕರನ್ನು ಊಟಕ್ಕೆ ಕರೆದರು. ಒಬ್ಬರು ಆರ್ಥರ್ ಕಾನನ್ ಡಾಯ್ಲ್, ಇನ್ನೊಬ್ಬರು ಆಸ್ಕರ್ ವೈಲ್ಡ್. ಆ ಊಟದ ಫಲವಾಗಿ ಡಾಯ್ಲ್ ಅವರು ಷೆರ್ಲಾಕ್ ಹೋಮ್ಸನ ಎರಡನೆಯ ಕಾದಂಬರಿ 'ದಿ ಸೈನ್ ಆಫ್ ಫೋರ್' ಬರೆದುಕೊಟ್ಟರು, ವೈಲ್ಡ್ ಅವರು 'ದಿ ಪಿಕ್ಚರ್ ಆಫ್ ಡೋರಿಯನ್ ಗ್ರೇ' ಬರೆದುಕೊಟ್ಟರು. ಇದಾದ ಆರು ವರ್ಷಕ್ಕೆ, 1895ರಲ್ಲಿ, ಪುರುಷರನ್ನು ಪ್ರೀತಿಸಿದ ಅಪರಾಧಕ್ಕಾಗಿ ವೈಲ್ಡ್ ಅವರಿಗೆ ಎರಡು ವರ್ಷಗಳ ಕಠಿಣ ಶಿಕ್ಷೆಯಾಯಿತು. ಶಿಕ್ಷೆ ಕೊಟ್ಟದ್ದು 1885ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಸೇರಿಸಿದ ಒಂದು ಕಲಮು. ಅದಕ್ಕೆ ಅಲ್ಲಿನ ಜನ ಇಟ್ಟ ಅಡ್ಡಹೆಸರು ಬ್ಲ್ಯಾಕ್‌ಮೇಲ್ ಮಾಡುವವರ ಸನದು ಎಂದು. ಯಾಕೆಂದರೆ ಯಾರದೋ ಒಂದು ಪ್ರೇಮಪತ್ರ ಕೈಗೆ ಸಿಕ್ಕಿದರೆ ಸಾಕು, ಆಯುಷ್ಯವಿಡೀ ಹಣ ಹಿಂಡಬಹುದಾಗಿತ್ತು. ಹಿಂಡಿಸಿಕೊಂಡವನು ಠಾಣೆಗೆ ಹೋಗಿ ಫಿರ್ಯಾದು ಕೊಡುವಂತಿರಲಿಲ್ಲ. ಕೊಟ್ಟರೆ ಮೊದಲು ಒಳಗೆ ಹೋಗುವವನು ಅವನೇ.

ಪತ್ತೇದಾರಿ ಕಥೆ ಬರೆಯುವವರಿಗೆ ಇದಕ್ಕಿಂತ ಅನುಕೂಲವಾದ ಸಾಮಗ್ರಿ ಬೇಕೇ? ಕೊಲೆಗೆ ಕಾರಣ ಬೇಕು, ಕಾರಣಕ್ಕೆ ಗುಟ್ಟು ಬೇಕು, ಗುಟ್ಟನ್ನು ಕಾನೂನೇ ತಯಾರಿಸಿ ಕೊಟ್ಟಿತ್ತು. ಬಹುಕಾಲ ಈ ಕಥೆಗಳಲ್ಲಿ ಸಲಿಂಗಪ್ರೇಮಿಗಳು ಬಂದರೆ ಮೂರು ವೇಷಗಳಲ್ಲಿ ಬರುತ್ತಿದ್ದರು. ಒಂದೋ ಹೆಣ, ಇಲ್ಲವೇ ಕೊಲೆಗಾರ, ಅದೂ ಇಲ್ಲದಿದ್ದರೆ ನಗೆಪಾಟಲಿನ ಪಾತ್ರ. ಪ್ರಶ್ನೆ ಕೇಳುವ ಕುರ್ಚಿಯಲ್ಲಿ ಅವರು ಕೂರುತ್ತಿರಲಿಲ್ಲ.

1961ರಲ್ಲಿ ತೆರೆಕಂಡ 'ವಿಕ್ಟಿಮ್' ಎಂಬ ಬ್ರಿಟಿಷ್ ಚಲನಚಿತ್ರವನ್ನು ಇಲ್ಲಿ ನೆನೆಯಬೇಕು. ಬೇಸಿಲ್ ಡಿಯರ್ಡೆನ್ ನಿರ್ದೇಶನ, ಡರ್ಕ್ ಬೊಗಾರ್ಡ್ ನಾಯಕ. ಬ್ಲ್ಯಾಕ್‌ಮೇಲ್ ಮಾಡುವವರಿಗೆ ಕೊಡಲು ಹಣ ಕದ್ದ ಯುವಕನೊಬ್ಬ ಸಿಕ್ಕಿಬಿದ್ದು, ಪೊಲೀಸ್ ಬಂಧನದಲ್ಲೇ ಪ್ರಾಣ ಕಳೆದುಕೊಳ್ಳುತ್ತಾನೆ. ಬಾಯಿ ಬಿಟ್ಟು ಹೇಳಿದ್ದರೆ ತಾನು ಪ್ರೀತಿಸಿದ ವಕೀಲನ ಹೆಸರು ಹೊರಬರುತ್ತಿತ್ತು, ಅದಕ್ಕಾಗಿ ಅವನು ಬಾಯಿ ಬಿಡುವುದಿಲ್ಲ. ಆ ವಕೀಲ ಕೊನೆಗೆ ತನ್ನ ವೃತ್ತಿಯನ್ನೇ ಪಣವಾಗಿಟ್ಟು ಸಾಕ್ಷಿ ಹೇಳಲು ನಿರ್ಧರಿಸುತ್ತಾನೆ. ಚಿತ್ರದ ಪೊಲೀಸ್ ಅಧಿಕಾರಿ ಒಳ್ಳೆಯವನೇ, ಕಾನೂನು ತಪ್ಪೆಂದು ಅವನಿಗೂ ಗೊತ್ತು. ಆದರೆ ಅವನು ಮೇಜಿನ ಆಚೆ ಬದಿಯವನು. ಆ ಕಾನೂನನ್ನು ತೆಗೆಯಬೇಕೆಂದು ವೂಲ್ಫೆಂಡನ್ ಸಮಿತಿ 1957ರಲ್ಲೇ ಶಿಫಾರಸು ಮಾಡಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಅದು ಭಾಗಶಃ ಸಡಿಲಗೊಂಡದ್ದು 1967ರಲ್ಲಿ.

ಮೇಜಿನ ಈಚೆ ಬದಿಗೆ ಮೊದಲು ಕುರ್ಚಿ ಎಳೆದುಕೊಂಡು ಕುಳಿತವನು ಫೇರೋ ಲವ್ ಎಂಬ ನ್ಯೂಯಾರ್ಕಿನ ಪತ್ತೇದಾರ. ಜಾರ್ಜ್ ಬ್ಯಾಕ್ಸ್ಟ್ ಎಂಬುವರು 1966ರಲ್ಲಿ ಪ್ರಕಟಿಸಿದ 'ಎ ಕ್ವಿಯರ್ ಕೈಂಡ್ ಆಫ್ ಡೆತ್' ಕಾದಂಬರಿಯ ಪಾತ್ರ. ಆತ ಕರಿಯ ಜನಾಂಗದವನು, ಸಲಿಂಗಪ್ರೇಮಿ, ಪೊಲೀಸ್. ಈ ಮೂರೂ ಒಬ್ಬನಲ್ಲೇ ಕೂಡಿದ್ದನ್ನು ಕಂಡು 1966ರ ಓದುಗರು ಬೆರಗಾಗಿರಲಿಕ್ಕೆ ಸಾಕು. ಆದರೆ ಒಂದು ಮಾತು ಹೇಳಿಬಿಡುತ್ತೇನೆ: ಪುಸ್ತಕ ಚುರುಕಾಗಿದೆ, ಮಾತುಗಳಲ್ಲಿ ಮೊನಚಿದೆ, ಫೇರೋ ಲವ್ ಮಾತ್ರ ನಂಬಿಕೆಗೆ ಅರ್ಹನಲ್ಲ. ಕೊನೆಗೆ ನ್ಯಾಯಕ್ಕಿಂತ ತನ್ನ ಮನಸ್ಸಿನ ಆಸೆಯೇ ಅವನಿಗೆ ದೊಡ್ಡದಾಗುತ್ತದೆ. ಲೇಖಕರು ಅವನನ್ನು ಒಂದು ಚಮತ್ಕಾರದ ಹಾಗೆ ಬಳಸಿಕೊಂಡರೆಂದು ನನ್ನ ಅಭಿಪ್ರಾಯ. ಅದು ಬಾಗಿಲು ತೆರೆಯಿತು ಎನ್ನುವಷ್ಟಕ್ಕೆ ಅದಕ್ಕೆ ಮರ್ಯಾದೆ ಸಲ್ಲಬೇಕು.

ಅದಾದ ನಾಲ್ಕು ವರ್ಷಕ್ಕೆ ಬಂದ ಡೇವ್ ಬ್ರಾಂಡ್‌ಸ್ಟೆಟರ್ ಬೇರೆಯೇ ಜಾತಿಯ ಮನುಷ್ಯ. ಜೋಸೆಫ್ ಹ್ಯಾನ್ಸನ್ ಅವರು 1970ರ 'ಫೇಡ್‌ಔಟ್'ನಿಂದ 1991ರ 'ಎ ಕಂಟ್ರಿ ಆಫ್ ಓಲ್ಡ್ ಮೆನ್'ವರೆಗೆ ಹನ್ನೆರಡು ಕಾದಂಬರಿಗಳಲ್ಲಿ ಅವನ ಕಥೆ ಹೇಳಿದರು. ಮೊದಲ ಪುಸ್ತಕ ಶುರುವಾಗುವಾಗ, ಇಪ್ಪತ್ತಕ್ಕೂ ಹೆಚ್ಚು ವರ್ಷ ಜೊತೆಯಲ್ಲಿ ಬಾಳಿದ ಸಂಗಾತಿಯನ್ನು ಅವನು ಕ್ಯಾನ್ಸರಿಗೆ ಕಳೆದುಕೊಂಡಿರುತ್ತಾನೆ. ಗಂಭೀರ, ಮಿತಭಾಷಿ, ಕೆಲಸದಲ್ಲಿ ನಿಷ್ಠೆಯುಳ್ಳವನು. ಆದರೆ ಆತ ಪೊಲೀಸ್ ಅಲ್ಲ! ಲಾಸ್ ಏಂಜಲೀಸಿನ ಒಂದು ವಿಮಾ ಕಂಪನಿಯಲ್ಲಿ ಸಾವಿನ ಕ್ಲೇಮುಗಳನ್ನು ತನಿಖೆ ಮಾಡುವವನು. ಯಾಕೆ ಪೊಲೀಸ್ ಅಲ್ಲ ಎಂಬುದಕ್ಕೆ ಉತ್ತರ ಆ ಕಾಲದಲ್ಲೇ ಇದೆ ಎಂದು ನನಗನ್ನಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಆ ಕಾನೂನು ರದ್ದಾದದ್ದು 1975ರಲ್ಲಿ, ಜಾರಿಗೆ ಬಂದದ್ದು ಮರುವರ್ಷ. ಅಲ್ಲಿಯತನಕ ಮುಚ್ಚುಮರೆಯಿಲ್ಲದೆ ಬದುಕುವ ಸಲಿಂಗಪ್ರೇಮಿಯೊಬ್ಬ ಪೊಲೀಸ್ ಬಿಲ್ಲೆ ಧರಿಸಿದ್ದಾನೆಂದರೆ ಓದುಗರು ನಂಬುತ್ತಿರಲಿಲ್ಲ.

ನಂಬದಿರಲು ಕಾರಣವೂ ಇತ್ತು. 1969ರ ಜೂನ್ 28ರ ನಸುಕಿನಲ್ಲಿ ನ್ಯೂಯಾರ್ಕಿನ ಸ್ಟೋನ್‌ವಾಲ್ ಎಂಬ ಮದ್ಯದಂಗಡಿಯ ಮೇಲೆ ಪೊಲೀಸರು ದಾಳಿ ಮಾಡಿದರು. ಅಂಥ ದಾಳಿಗಳು ಹೊಸತೇನಲ್ಲ, ಆದರೆ ಆ ದಿನ ಅಲ್ಲಿದ್ದವರು ತಲೆ ತಗ್ಗಿಸಿ ವ್ಯಾನು ಹತ್ತಲಿಲ್ಲ, ತಿರುಗಿ ನಿಂತರು. ಅಮೆರಿಕದ ಸಲಿಂಗಪ್ರೇಮಿಗಳ ಹಕ್ಕಿನ ಹೋರಾಟಕ್ಕೆ ಅದು ದೊಡ್ಡ ತಿರುವು. ಅಂದರೆ ಈ ಜನ ಮತ್ತು ಪೊಲೀಸರು ಎದುರುಬದುರಾಗಿ ನಿಂತವರು. ಹೀಗಿರುವಾಗ ಒಬ್ಬನೇ ಮನುಷ್ಯ ಎರಡೂ ಕಡೆ ಹೇಗೆ ನಿಂತಾನು?

ನಿಜವಾದ ಬದುಕಿನಲ್ಲಿ ಒಬ್ಬರು ನಿಂತರು. 1981ರಲ್ಲಿ ನ್ಯೂಯಾರ್ಕ್ ನಗರಸಭೆಯ ಮುಂದೆ ಸಲಿಂಗಪ್ರೇಮಿಗಳ ಹಕ್ಕಿನ ಮಸೂದೆಯೊಂದರ ವಿಚಾರಣೆ ನಡೆದಿತ್ತು. ಪೊಲೀಸ್ ಸಂಘದ ಪದಾಧಿಕಾರಿಯೊಬ್ಬರು ಎದ್ದು, ಇಲಾಖೆಯಲ್ಲಿ ಅಂಥವರು ಯಾರೂ ತನಗೆ ಗೊತ್ತಿಲ್ಲವೆಂದರು. ಅವರ ಬಳಿಕ ಮಾತಾಡಲು ಬಂದವರು ಸಾರ್ಜೆಂಟ್ ಚಾರ್ಲ್ಸ್ ಕಾಕ್ರೇನ್. ತಾನು ನ್ಯೂಯಾರ್ಕಿನ ಪೊಲೀಸ್ ಎಂಬುದರ ಬಗ್ಗೆಯೂ, ಸಲಿಂಗಪ್ರೇಮಿ ಎಂಬುದರ ಬಗ್ಗೆಯೂ ತನಗೆ ಹೆಮ್ಮೆಯಿದೆ ಎಂದು ಎಲ್ಲರೆದುರು ಹೇಳಿದರು. ಮರುವರ್ಷ ಅಂಥ ಪೊಲೀಸರದೇ ಒಂದು ಸಂಘ ಆ ನಗರದಲ್ಲಿ ಸ್ಥಾಪನೆಯಾಯಿತು. ಮಸೂದೆ ಕಾನೂನಾಗಲು ಮಾತ್ರ 1986ರವರೆಗೆ ಕಾಯಬೇಕಾಯಿತು.

ಇದಿಷ್ಟು ಹಿನ್ನೆಲೆ ಗೊತ್ತಿದ್ದರೆ ಕೇಟ್ ಡೆಲಫೀಲ್ಡ್ ನಮಗೆ ಚೆನ್ನಾಗಿ ಅರ್ಥವಾಗುತ್ತಾಳೆ. ಈ ಕವಲಿನಲ್ಲಿ ನನಗೆ ಎಲ್ಲರಿಗಿಂತ ಹತ್ತಿರವಾದ ಪಾತ್ರ ಅವಳೇ. ಕ್ಯಾಥರೀನ್ ವಿ. ಫಾರೆಸ್ಟ್ ಅವರು 1984ರಲ್ಲಿ 'ಅಮೆಚೂರ್ ಸಿಟಿ' ಕಾದಂಬರಿಯಲ್ಲಿ ಅವಳನ್ನು ಸೃಷ್ಟಿಸಿದರು. ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಯಲ್ಲಿ ಕೊಲೆ ಪ್ರಕರಣಗಳ ಪತ್ತೇದಾರಿಣಿ. ಅದಕ್ಕೆ ಮುಂಚೆ ನೌಕಾಪಡೆಯ ಮರೀನ್ ದಳದಲ್ಲಿದ್ದು ವಿಯೆಟ್ನಾಮ್ ಕಂಡವಳು. ಎತ್ತರದ ಆಳು, ಕಡಿಮೆ ಮಾತು. ಮೊದಲ ಪುಸ್ತಕದಲ್ಲೇ ಅವಳ ಜೊತೆಗಾತಿ ಆನ್ ಕಾರಿನ ಅಪಘಾತದಲ್ಲಿ ತೀರಿಕೊಂಡಿರುತ್ತಾಳೆ. ವರ್ಷಗಟ್ಟಲೆ ಒಂದೇ ಮನೆಯಲ್ಲಿ ಬಾಳಿದವರು ಅವರು. ನಮ್ಮಲ್ಲಿ ಒಂದು ಸಾವಾದರೆ ಏನಾಗುತ್ತದೆ ಯೋಚಿಸಿ. ಕಚೇರಿಯವರು ಬರುತ್ತಾರೆ, ನೆರೆಮನೆಯವರು ಅಡುಗೆ ಮಾಡಿ ತರುತ್ತಾರೆ, ಹನ್ನೊಂದು ದಿನ ಯಾರೂ ಕೆಲಸಕ್ಕೆ ಬಾ ಎನ್ನುವುದಿಲ್ಲ. ಕೇಟ್‌ಗೆ ಇದು ಯಾವುದೂ ಇಲ್ಲ. ತಾನು ಯಾರನ್ನು ಕಳೆದುಕೊಂಡೆ ಎಂಬುದನ್ನು ಪಕ್ಕದ ಮೇಜಿನವರಿಗೂ ಹೇಳುವಂತಿಲ್ಲ. ಅವಳು ಬಿಲ್ಲೆ ಧರಿಸಿ ಇನ್ನೊಬ್ಬರ ಸಾವಿನ ಮಹಜರಿಗೆ ಹೋಗುತ್ತಾಳೆ.

'ಮುಚ್ಚುಮರೆಯಿಲ್ಲದ ಪತ್ತೇದಾರರ ವಿಷಯ ಹೇಳುತ್ತೇನೆಂದು ಹೇಳಿ, ಮುಚ್ಚಿಟ್ಟುಕೊಂಡವಳ ವಿಷಯ ಹೇಳುತ್ತಿದ್ದೀರಲ್ಲ' ಎಂದು ನೀವು ಕೇಳಬಹುದು. ಓದುಗರ ಮುಂದೆ ಅವಳು ಏನನ್ನೂ ಮುಚ್ಚುವುದಿಲ್ಲ, ಇಲಾಖೆಯ ಮುಂದೆ ಮುಚ್ಚುತ್ತಾಳೆ. ಕಾದಂಬರಿಯ ಶಕ್ತಿ ಇರುವುದೇ ಈ ಎರಡರ ನಡುವೆ. 1987ರ 'ಮರ್ಡರ್ ಎಟ್ ದ ನೈಟ್‌ವುಡ್ ಬಾರ್' ಪುಸ್ತಕದಲ್ಲಿ ಮನೆಯಿಂದ ಹೊರಹಾಕಲ್ಪಟ್ಟ ಹತ್ತೊಂಬತ್ತರ ಹುಡುಗಿಯೊಬ್ಬಳ ಕೊಲೆಯಾಗುತ್ತದೆ, ಸಲಿಂಗಪ್ರೇಮಿ ಹೆಂಗಸರು ಸೇರುವ ಒಂದು ಬಾರಿನ ಹೊರಗೆ. ಅಲ್ಲಿನ ಹೆಂಗಸರು ಪೊಲೀಸರೊಡನೆ ಮಾತೇ ಆಡುವುದಿಲ್ಲ. ಅವರ ಅನುಭವ ಅಂಥದು. ಆದರೆ ಪ್ರಶ್ನೆ ಕೇಳಲು ಬಂದ ಈ ಅಧಿಕಾರಿಣಿ ಯಾರೆಂಬುದನ್ನು ಅವರು ಕ್ಷಣದಲ್ಲಿ ಗುರುತು ಹಿಡಿದುಬಿಡುತ್ತಾರೆ. ಸಾಕ್ಷಿಗಳೇ ಪತ್ತೇದಾರಳನ್ನು ಪತ್ತೆ ಮಾಡುತ್ತಾರೆ!

1991ರ 'ಮರ್ಡರ್ ಬೈ ಟ್ರೆಡಿಷನ್' ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕೊಲೆಯಾದವನು ಸಲಿಂಗಪ್ರೇಮಿ ಯುವಕ. ಕೊಂದವನು ಯಾರೆಂಬುದು ಬೇಗನೆ ಗೊತ್ತಾಗುತ್ತದೆ. ಪತ್ತೇದಾರಿ ಕಾದಂಬರಿಗೆ ಇದು ವಿಚಿತ್ರ, ಆದರೆ ಲೇಖಕಿಗೆ ಬೇಕಾಗಿದ್ದುದು 'ಯಾರು' ಎಂಬುದಲ್ಲ. 'ಅವನೇ ನನ್ನ ಮೈಮೇಲೆ ಬಿದ್ದ, ನಾನು ಆತ್ಮರಕ್ಷಣೆಗೆ ಹೊಡೆದೆ' ಎಂದು ಆರೋಪಿ ಹೇಳುತ್ತಾನೆ. ಸತ್ತವನು ಎಂಥವನು ಎಂಬುದನ್ನು ನ್ಯಾಯಪೀಠದ ಮುಂದೆ ಹೇಳಿದರೆ ಸಾಕು, ಕೊಂದವನ ಅರ್ಧ ಕೇಸು ಗೆದ್ದಂತೆ. ಇಂಥ ವಾದ ಅಮೆರಿಕದ ಕೋರ್ಟುಗಳಲ್ಲಿ ನಿಜವಾಗಿಯೂ ನಡೆಯುತ್ತಿತ್ತು. ಅದನ್ನು ಕಾನೂನು ಮಾಡಿ ತಡೆದ ಮೊದಲ ರಾಜ್ಯ ಕ್ಯಾಲಿಫೋರ್ನಿಯಾ, ಅದೂ 2014ರಲ್ಲಿ. ಕಾದಂಬರಿ ಬಂದು ಆಗಲೇ ಇಪ್ಪತ್ತಮೂರು ವರ್ಷ ಕಳೆದಿತ್ತು.

ಕಾದಂಬರಿಯಲ್ಲಿ ಕೇಟ್ ಸಾಕ್ಷಿಕಟ್ಟೆ ಹತ್ತಬೇಕು. ಎದುರಿಗೆ ಪಾಟೀಸವಾಲಿಗೆ ನಿಂತ ವಕೀಲನಿಗೆ ಅವಳ ಗುಟ್ಟು ಗೊತ್ತು. ಒಂದೇ ಒಂದು ಪ್ರಶ್ನೆ ಕೇಳಿದರೆ ಅವಳ ಸಾಕ್ಷ್ಯಕ್ಕೆ ಪಕ್ಷಪಾತದ ಬಣ್ಣ ಬಳಿಯಬಹುದು, ಅವಳ ನೌಕರಿಗೂ ಕಲ್ಲು ಹಾಕಬಹುದು. ಸತ್ತ ಯುವಕನಿಗೆ ನ್ಯಾಯ ಸಿಗಬೇಕಾದರೆ ಅವಳು ಅಲ್ಲಿ ನಿಲ್ಲಲೇಬೇಕು. ಕೋರ್ಟಿನಲ್ಲಿ ಅವಳು ಉತ್ತರ ಕೊಡುತ್ತಾ ಹೋಗುವಾಗ ಮುಂದಿನ ಪ್ರಶ್ನೆ ಅದೇ ಇರಬಹುದೇ, ಅದೇ ಇರಬಹುದೇ ಎಂದು ನಾವೂ ಉಸಿರು ಬಿಗಿಹಿಡಿಯುತ್ತೇವೆ. ಮೊದಲಿನ ಕಥೆಗಳಲ್ಲಿ ಗುಟ್ಟು ಬಯಲಾಗಲಿ ಎಂದು ಕಾಯುತ್ತಿದ್ದ ಓದುಗ, ಇಲ್ಲಿ ಬಯಲಾಗದಿರಲಿ ಎಂದು ಬೇಡಿಕೊಳ್ಳುತ್ತಾನೆ. ಅದೇ ಹೊತ್ತಿಗೆ, ಇಂಥ ಗುಟ್ಟು ಯಾಕಾದರೂ ಇರಬೇಕಿತ್ತು ಎಂಬ ಸಿಟ್ಟೂ ಬರುತ್ತದೆ. ಈ ಪುಸ್ತಕಕ್ಕೆ ಅಮೆರಿಕದ ಲ್ಯಾಂಬ್ಡಾ ಸಾಹಿತ್ಯ ಪ್ರಶಸ್ತಿ ಬಂದಿತು. ಯೋಗ್ಯವಾಗಿಯೇ ಬಂದಿತು.

ಇದೇ 1991ರಲ್ಲಿ ಷಿಕಾಗೊ ನಗರದಲ್ಲಿ ಇನ್ನೊಬ್ಬ ಪತ್ತೇದಾರ ಕಣ್ಣುಬಿಟ್ಟ. ಮಾರ್ಕ್ ರಿಚರ್ಡ್ ಝೂಬ್ರೊ ಎಂಬ ಶಾಲಾ ಅಧ್ಯಾಪಕರು ಬರೆದ 'ಸಾರಿ ನೌ?' ಕಾದಂಬರಿಯ ಪಾಲ್ ಟರ್ನರ್. ಅವನು ಹೆಗಲು ಮುಟ್ಟಿಕೊಳ್ಳುವವನಲ್ಲ. ಠಾಣೆಯಲ್ಲಿ ಅವನು ಯಾರೆಂದು ಎಲ್ಲರಿಗೂ ಗೊತ್ತು. ಜೊತೆಗಾರ ಬಕ್ ಫೆನ್‌ವಿಕ್‌ಗೆ ಅದು ತಲೆ ಕೆಡಿಸಿಕೊಳ್ಳುವ ವಿಷಯವೇ ಅಲ್ಲ. ಟರ್ನರ್ ಹೆಂಡತಿಯನ್ನು ಕಳೆದುಕೊಂಡವನು, ಇಬ್ಬರು ಗಂಡುಮಕ್ಕಳ ತಂದೆ. ಕಿರಿಯವನಿಗೆ ಹುಟ್ಟಿನಿಂದ ಬೆನ್ನುಹುರಿಯ ತೊಂದರೆ. ಪಕ್ಕದ ಮನೆಯಲ್ಲಿ ಇಟಾಲಿಯನ್ ಮೂಲದ ವೃದ್ಧೆ ಮಿಸೆಸ್ ತಾಲೂಚಿ, ನಮ್ಮ ಓಣಿಯ ಅಜ್ಜಿಯರ ಹಾಗೆ ಎಲ್ಲದಕ್ಕೂ ಮುಂದು. ಹೆಣದ ಮುಂದೆ ನಿಂತು ಬಂದವನು ಸಂಜೆ ಮಕ್ಕಳ ಊಟದ ಚಿಂತೆ ಮಾಡುತ್ತಾನೆ. ಟರ್ನರ್‌ನ ಊರು ಇಲಿನಾಯ್ ರಾಜ್ಯದ್ದು, ಸಲಿಂಗಪ್ರೇಮವನ್ನು ಅಪರಾಧವೆನ್ನುವ ಕಾನೂನನ್ನು ಅಮೆರಿಕದಲ್ಲಿ ಎಲ್ಲಕ್ಕಿಂತ ಮೊದಲು, 1961ರಲ್ಲಿ, ತೆಗೆದುಹಾಕಿದ ರಾಜ್ಯ ಅದು. ಇಡೀ ಅಮೆರಿಕಕ್ಕೆ ಆ ಮಾತು ಅನ್ವಯವಾಗಲು 2003ರ ಸುಪ್ರೀಂ ಕೋರ್ಟ್ ತೀರ್ಪೇ ಬೇಕಾಯಿತು.

ಮೊದಲ ಕಾದಂಬರಿಯ ಕಥಾವಸ್ತುವೇ ಚೆನ್ನಾಗಿದೆ. ದೂರದರ್ಶನದಲ್ಲಿ ಧರ್ಮಬೋಧನೆ ಮಾಡುತ್ತಾ ಸಲಿಂಗಪ್ರೇಮಿಗಳನ್ನು ಖಂಡಿಸುವ ಪ್ರಚಾರಕನ ಮಗಳ ಕೊಲೆಯಾಗುತ್ತದೆ. ತನಿಖೆ ಬರುವುದು ಟರ್ನರ್ ಪಾಲಿಗೆ. ಯಾರನ್ನು ಹೀಗಳೆದನೋ ಅವರಲ್ಲೊಬ್ಬನಿಂದಲೇ ಆ ತಂದೆಗೆ ನ್ಯಾಯ ಸಿಗಬೇಕು. ಆದರೂ ಕಾದಂಬರಿಯಾಗಿ ನೋಡಿದರೆ ಟರ್ನರ್‌ಗಿಂತ ಕೇಟ್ ಡೆಲಫೀಲ್ಡ್‌ಳೇ ಮನಸ್ಸಿನಲ್ಲಿ ಹೆಚ್ಚು ಉಳಿಯುತ್ತಾಳೆ. ಟರ್ನರ್‌ಗೆ ಇಲಾಖೆಯಲ್ಲಿ ದಾರಿ ಸ್ವಲ್ಪ ಸಲೀಸಾಯಿತೇನೋ ಎಂದು ಓದುವಾಗ ಅನ್ನಿಸುತ್ತದೆ. ಇರಲಿ. ಬದುಕಿನಲ್ಲಿ ಸಲೀಸಾಗಿರುವುದು ಕಾದಂಬರಿಗೆ ಕಷ್ಟ ಅಷ್ಟೆ. ಯಾವನಾದರೂ ಪೊಲೀಸ್ ಟರ್ನರ್‌ನ ಹಾಗೆ ಇರಬಯಸುತ್ತಾನೆಯೇ ಹೊರತು ಕೇಟ್‌ಳ ಹಾಗಲ್ಲ.

ಇಂಗ್ಲೆಂಡಿನ ರೆಜಿನಾಲ್ಡ್ ಹಿಲ್ ಇವರಿಬ್ಬರ ನಡುವಿನ ದಾರಿ ಹಿಡಿದರು. ಅವರ ಯಾರ್ಕ್‌ಷೈರ್ ಕಾದಂಬರಿಗಳ ನಾಯಕರು ಡೀಯೆಲ್ ಮತ್ತು ಪ್ಯಾಸ್ಕೊ. ಡೀಯೆಲ್ ಎಂಬ ಹೆಸರಿನ ಇಂಗ್ಲಿಷ್ ಕಾಗುಣಿತ ನೋಡಿದರೆ 'ಡಾಲ್ಜಿಯೆಲ್' ಎಂದು ಓದಿಬಿಡುತ್ತೀರಿ, ಎಚ್ಚರಿಕೆ. ಈ ಜೋಡಿಯ ಜೊತೆಗಿರುವವನು ಸಾರ್ಜೆಂಟ್ ವೀಲ್ಡ್, ತೀರ ಒರಟು ಮುಖದವನು. ಆ ಮುಖವನ್ನು ನೋಡಿ ಯಾರಿಗೂ ಏನೂ ತಿಳಿಯುವುದಿಲ್ಲ. ಆ ಮುಖದ ಹಿಂದೆ ವೀಲ್ಡ್ ತನ್ನನ್ನು ಬಚ್ಚಿಟ್ಟುಕೊಂಡಿರುತ್ತಾನೆ. 1987ರ 'ಚೈಲ್ಡ್ಸ್ ಪ್ಲೇ'ಯಲ್ಲಿ ಅದು ಹೊರಬರುವ ಸಂದರ್ಭ ಒದಗುತ್ತದೆ. ಒರಟು ಮಾತಿನ, ಯಾರನ್ನೂ ಹಾಸ್ಯ ಮಾಡದೆ ಬಿಡದ ಡೀಯೆಲ್‌ಗೆ ಸಂಗತಿ ಮೊದಲಿನಿಂದಲೂ ಗೊತ್ತಿತ್ತೆಂದು ಆಗ ತಿಳಿಯುತ್ತದೆ! 1994ರ 'ಪಿಕ್ಚರ್ಸ್ ಆಫ್ ಪರ್‌ಫೆಕ್ಷನ್' ಹೊತ್ತಿಗೆ ವೀಲ್ಡ್‌ಗೆ ಒಂದು ಹಳ್ಳಿಯಲ್ಲಿ ಡಿಗ್‌ವೀಡ್ ಎಂಬ ಪುಸ್ತಕ ವ್ಯಾಪಾರಿ ಸಿಗುತ್ತಾನೆ. ಮುಂದಿನ ಪುಸ್ತಕಗಳಲ್ಲಿ ಅವರಿಬ್ಬರ ಸಂಸಾರ ಯಾವ ಸದ್ದುಗದ್ದಲವೂ ಇಲ್ಲದೆ ಸಾಗುತ್ತದೆ.

ನಮ್ಮ ದೇಶದ ಮಾತನ್ನೂ ಹೇಳಬೇಕು, ಯಾಕೆಂದರೆ ಕಾನೂನಿನ ಬೇರು ಒಂದೇ. ಬ್ರಿಟಿಷರು 1860ರಲ್ಲಿ ರಚಿಸಿದ ಭಾರತ ದಂಡ ಸಂಹಿತೆಯ 377ನೆಯ ಕಲಮು ಇಲ್ಲಿಯೂ ಅದೇ ಸನದಿನ ಕೆಲಸ ಮಾಡಿತು. 2009ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಸಡಿಲಿಸಿತು, 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು, 2018ರ ಸೆಪ್ಟೆಂಬರ್ 6ರಂದು ಅದೇ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಕನ್ನಡದಲ್ಲಿ ವಸುಧೇಂದ್ರರ 'ಮೋಹನಸ್ವಾಮಿ' ಪ್ರಕಟವಾದದ್ದು 2013ರಲ್ಲಿ. ಪತ್ತೇದಾರಿ ಪುಸ್ತಕವಲ್ಲ ಅದು. ಆದರೆ ತನ್ನ ಗುಟ್ಟು ಯಾರಿಗೆ ಗೊತ್ತಾದೀತೋ ಎಂಬ ಅಂಜಿಕೆಯೊಂದಿಗೆ ಬೆಳೆಯುವುದು ಹೇಗಿರುತ್ತದೆ ಎಂಬುದನ್ನು ಕನ್ನಡದ ಓದುಗರು ಅಲ್ಲಿ ಕಂಡಿದ್ದಾರೆ. ಅದನ್ನು ಓದಿದವರಿಗೆ ಸಾಕ್ಷಿಕಟ್ಟೆಯಲ್ಲಿ ನಿಂತ ಕೇಟ್ ಪರಕೀಯಳಾಗಿ ತೋರಲಾರಳು.

ಇವುಗಳನ್ನು ಎಲ್ಲಿಂದ ಶುರುಮಾಡಬೇಕೆಂದು ಕೇಳುವವರಿಗೆ ನನ್ನ ಸಲಹೆ ಇಷ್ಟೇ. ಕಾಲೇಜು ವಿದ್ಯಾರ್ಥಿಗಳು ಹ್ಯಾನ್ಸನ್ ಅವರ 'ಫೇಡ್‌ಔಟ್'ನಿಂದ ಆರಂಭಿಸಬಹುದು. ಚಿಕ್ಕ ಪುಸ್ತಕ, ಇಂಗ್ಲಿಷ್ ಸರಳ, ಒಂದು ಮಾತೂ ಹೆಚ್ಚಿಲ್ಲ. ಅನಂತರ 'ಮರ್ಡರ್ ಬೈ ಟ್ರೆಡಿಷನ್' ಹಿಡಿಯಿರಿ, ಆದರೆ ಅದಕ್ಕೆ ಮುಂಚೆ 'ಅಮೆಚೂರ್ ಸಿಟಿ'ಯ ಮೊದಲ ಅಧ್ಯಾಯಗಳನ್ನಾದರೂ ಓದಿಕೊಳ್ಳಿ. ಆನ್ ಯಾರೆಂದು ಗೊತ್ತಿಲ್ಲದಿದ್ದರೆ ಕೇಟ್ ಕೋರ್ಟಿನಲ್ಲಿ ಯಾಕೆ ಅಷ್ಟು ನೆಟ್ಟಗೆ ನಿಲ್ಲುತ್ತಾಳೆಂಬುದು ತಿಳಿಯುವುದಿಲ್ಲ. ಶಾಲಾ ವಿದ್ಯಾರ್ಥಿಗಳು ಸದ್ಯಕ್ಕೆ ಷೆರ್ಲಾಕ್ ಹೋಮ್ಸನ 'ಚಾರ್ಲ್ಸ್ ಅಗಸ್ಟಸ್ ಮಿಲ್ವರ್ಟನ್' ಎಂಬ ಕಥೆಯನ್ನು ಓದಿ, 1904ರದು. ಬ್ಲ್ಯಾಕ್‌ಮೇಲ್ ಮಾಡುವವನೊಬ್ಬನ ಕಥೆ. ಪತ್ರಗಳನ್ನು ಇಟ್ಟುಕೊಂಡು ಜನರ ಬದುಕು ಹಿಂಡುವವನ ಮೇಲೆ ಹೋಮ್ಸ್‌ಗೆ ಎಂಥ ಕೋಪವಿದೆ ನೋಡಿ. ವೈಲ್ಡ್ ಅವರ ಜೊತೆ ಒಂದೇ ಮೇಜಿನಲ್ಲಿ ಊಟ ಮಾಡಿದವರು ಬರೆದ ಕಥೆ ಅದು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಓದಿ.